ಹಳೆ ಟ್ರ್ಯಾಕ್ಟರಿಗೆ ಹುಲ್ಲಿನ ಮಶಿನ್ ಕೊಳ್ಳುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಪುಣೆ ಸುತ್ತಮುತ್ತ, ಮುಳಶಿ, ಮಾವಳ, ಪಾನಶೇತ ಕಡೆ ಫಾರ್ಮ್‌ಹೌಸ್ ನೋಡಿಕೊಂಡಿರುವ ನಮ್ಮವರು ಬಹಳ ಜನ ಇದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ಈ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಚಿಗುರಿದ ಹುಲ್ಲು ಸೆಪ್ಟೆಂಬರ್ ಹೊತ್ತಿಗೆ ಮೊಣಕಾಲು ದಾಟಿರುತ್ತದೆ. ಹೆಗಲಿಗೆ ಹಾಕುವ ಬ್ರಶ್ ಕಟರ್ ಹಿಡಿದು ಎರಡು ಎಕರೆ ಹೊಡೆದರೆ ಸೊಂಟ ಬಿದ್ದೇ ಹೋಗುತ್ತದೆ. ಅತ್ತ ಶೆಡ್ಡಿನಲ್ಲಿ ಹಳೆಯದೊಂದು ಟ್ರ್ಯಾಕ್ಟರ್ ಸುಮ್ನೆ ನಿಂತಿರುತ್ತದೆ. ಮಹೀಂದ್ರಾ ಬಿ-275 ಇರಬಹುದು, ಮ್ಯಾಸಿ 1035 ಇರಬಹುದು, ಎಚ್‌ಎಂಟಿ 2511 ಇರಬಹುದು. ಅದರ ಹಿಂದೆ ಫಿನಿಶ್ ಮೋವರ್ ಕಟ್ಟಿದರೆ ಆಗಲ್ವಾ ಅಂತ ಮಾಲೀಕರು ಕೇಳುತ್ತಾರೆ. ಆಗುತ್ತದೆ. ಆದರೆ ಎಷ್ಟು ಫೂಟಿನದು, ರೇಟು ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಮೊದಲು ಟ್ರ್ಯಾಕ್ಟರಿನ ಕ್ಲಚ್ ನೋಡಿ.

ಅದಕ್ಕೂ ಮುಂಚೆ ಒಂದು ವಿಷಯ. ಮೊಣಕಾಲೆತ್ತರದ ಹುಲ್ಲಿಗೆ, ಪೊದೆಗೆ ಇರುವುದು ಸ್ಲ್ಯಾಷರ್. ಫಿನಿಶ್ ಮೋವರ್ ಇರುವುದು ಲಾನಿಗೆ. ಸಾಮಾನ್ಯವಾಗಿ ಅದರಲ್ಲಿ ಮೂರು ಬ್ಲೇಡು, ಅವುಗಳನ್ನು ತಿರುಗಿಸಲು ಬೆಲ್ಟು, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಗಾಲಿ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಓಡಿಸುವುದಾದರೆ ಮಾತ್ರ ಅದು ಚೆಂದ. ವರ್ಷಕ್ಕೆ ಎರಡು ಸಲ ಹುಲ್ಲು ಹೊಡೆಸುವವರು, ಮುರುಮಿನಲ್ಲಿ ಕಪ್ಪು ಕಲ್ಲು ಎದ್ದು ಕಾಣುವ ಜಾಗದವರು ದಯವಿಟ್ಟು ಸ್ಲ್ಯಾಷರ್ ತೆಗೆದುಕೊಳ್ಳಿ. ಫಿನಿಶ್ ಮೋವರಿನ ಬ್ಲೇಡು ಕಲ್ಲಿಗೆ ತಾಗಿದರೆ ಬ್ಲೇಡಿನ ಜೊತೆ ಸ್ಪಿಂಡಲ್, ಬೇರಿಂಗ್ ಕೂಡ ಹೋಗುತ್ತವೆ.

ಈಗ ಕ್ಲಚ್ಚಿಗೆ ಬರೋಣ. ಹಳೆ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಸಿಂಗಲ್ ಕ್ಲಚ್. ಪೆಡಲ್ ಒತ್ತಿದರೆ ಗಾಲಿಗೂ ಶಕ್ತಿ ಹೋಗುವುದಿಲ್ಲ, ಹಿಂದಿನ ಪಿಟಿಓಗೂ, ಅಂದರೆ ಹಿಂದೆ ಕಟ್ಟಿದ ಮಶಿನ್ನಿಗೆ ಎಂಜಿನ್ ಶಕ್ತಿ ಕೊಡುವ ತಿರುಗು ದಂಡಕ್ಕೂ, ಹೋಗುವುದಿಲ್ಲ. ಡಬಲ್ ಕ್ಲಚ್ ಇದ್ದರೆ ಅರ್ಧ ಒತ್ತಿದಾಗ ಟ್ರ್ಯಾಕ್ಟರ್ ನಿಲ್ಲುತ್ತದೆ, ಪಿಟಿಓ ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಅದೂ ನಿಲ್ಲುತ್ತದೆ. ಮಾಡೆಲ್ ಹೆಸರು ಕೇಳಿ ತೀರ್ಮಾನಕ್ಕೆ ಬರಬೇಡಿ. ಹಿಂದೆ ಏನೂ ಕಟ್ಟದೆ, ನ್ಯೂಟ್ರಲ್‌ನಲ್ಲಿಟ್ಟು, ಪಿಟಿಓ ಹಾಕಿ, ಪೆಡಲನ್ನು ನಿಧಾನಕ್ಕೆ ಒತ್ತಿ ನೋಡಿ. ಇನ್ನೊಬ್ಬರು ದೂರ ನಿಂತು ಶಾಫ್ಟ್ ಗಮನಿಸಲಿ. ಹತ್ತಿರ ಬೇಡ. ಪಿಟಿಓ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಲುಂಗಿಯ ಅಂಚು, ಟವಲ್, ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಸಿಂಗಲ್ ಕ್ಲಚ್ಚಿನ ಅಪಾಯ ಏನು ಗೊತ್ತಾ? ಜೋರಾಗಿ ತಿರುಗುತ್ತಿರುವ ಬ್ಲೇಡು ಎಂಜಿನ್ ಶಕ್ತಿ ತಪ್ಪಿದ ಕೂಡಲೇ ನಿಲ್ಲುವುದಿಲ್ಲ. ಆ ಓಟ ಪಿಟಿಓಗೂ ಮೋವರಿಗೂ ನಡುವೆ ಕಟ್ಟುವ ಶಾಫ್ಟಿನಿಂದ ಹಿಂದಕ್ಕೆ ಟ್ರ್ಯಾಕ್ಟರಿನ ಗೇರ್ ಬಾಕ್ಸಿಗೆ ಬಂದು, ಗಾಲಿಯನ್ನೇ ತಿರುಗಿಸುತ್ತದೆ. ಎದುರಿಗೆ ಕಾಂಪೌಂಡ್ ಗೋಡೆ. ನೀವು ಕ್ಲಚ್ ಒತ್ತಿದ್ದೀರಿ. ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗುತ್ತಲೇ ಇದೆ. ಬೆಲ್ಟಿನ ಫಿನಿಶ್ ಮೋವರಿನಲ್ಲಿ ಈ ನೂಕು ಸ್ಲ್ಯಾಷರಿನಷ್ಟು ಜೋರಿಲ್ಲ, ಆದರೆ ಇದ್ದೇ ಇದೆ.

ಇದಕ್ಕೆ ಪರಿಹಾರ ಓವರ್ ರನ್ನಿಂಗ್ ಕ್ಲಚ್ ಎಂಬ ಸಣ್ಣ ಭಾಗ. ಪಿಟಿಓ ಮತ್ತು ಆ ಶಾಫ್ಟಿನ ನಡುವೆ ಕೂರುತ್ತದೆ. ಸೈಕಲ್ಲಿನ ಫ್ರೀ ವ್ಹೀಲ್ ಹಾಗೆಯೇ: ಎಂಜಿನ್ ಬ್ಲೇಡನ್ನು ತಿರುಗಿಸಬಹುದು, ಬ್ಲೇಡು ಎಂಜಿನ್ ಕಡೆಗೆ ಜೋರು ಮಾಡುವಂತಿಲ್ಲ. ಸಿಂಗಲ್ ಕ್ಲಚ್ ಟ್ರ್ಯಾಕ್ಟರ್ ಇದ್ದವರು ಮೋವರಿನ ಜೊತೆಗೇ ಇದನ್ನೂ ಕೇಳಿ ಪಡೆಯಿರಿ. ಮುಂದೆ ನೋಡೋಣ ಅನ್ನಬೇಡಿ. ಇದು ಕೂತರೆ ಉದ್ದ ಹೆಚ್ಚುತ್ತದೆ, ಆದ್ದರಿಂದ ಶಾಫ್ಟನ್ನು ಅಷ್ಟು ಕತ್ತರಿಸಬೇಕು. ಒಳ ಕೊಳವೆ, ಹೊರ ಕೊಳವೆ ಎರಡನ್ನೂ ಸಮ ಕತ್ತರಿಸಿ. ಮೋವರನ್ನು ಎತ್ತಿ ಇಳಿಸುವ ಟ್ರ್ಯಾಕ್ಟರಿನ ಲಿಫ್ಟ್ ಪೂರ್ತಿ ಎತ್ತಿದಾಗ, ಪೂರ್ತಿ ಇಳಿಸಿದಾಗ ಎರಡೂ ಸಲ ಅಳೆದೇ ಗರಗಸ ಹಿಡಿಯಿರಿ. ಕೊಳವೆಗಳು ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗ ಇರಬೇಕು, ತುದಿಗೆ ತಾಗಿ ಗುದ್ದಲೂಬಾರದು.

ಸಿಂಗಲ್ ಕ್ಲಚ್ಚಿನಲ್ಲಿ ಇನ್ನೊಂದು ತೊಂದರೆ. ಹುಲ್ಲು ದಟ್ಟ ಬಂದಾಗ ಗೇರ್ ಇಳಿಸಬೇಕಲ್ಲ, ಆಗ ಕ್ಲಚ್ ಒತ್ತಿದರೆ ಬ್ಲೇಡಿಗೂ ಶಕ್ತಿ ತಪ್ಪುತ್ತದೆ. ರೇಸ್ ಕಡಿಮೆ ಮಾಡೋಣ ಅಂದರೆ ಬ್ಲೇಡಿನ ವೇಗವೂ ಇಳಿದು ಹುಲ್ಲು ಕತ್ತರಿಸದೆ ಹರಿಯುತ್ತದೆ, ತುದಿ ಬಿಳುಚುತ್ತದೆ. ಹಾಗಾಗಿ ಸಾಲು ಶುರು ಮಾಡುವಾಗಲೇ ಚಿಕ್ಕ ಗೇರಿನಲ್ಲಿ ಹೊರಡಿ. ಗಂಟೆಗೆ ನಾಲ್ಕು ಕಿಲೋಮೀಟರ್, ಆರಾಮಾಗಿ ನಡೆಯುವ ಮನುಷ್ಯನ ವೇಗ ಸಾಕು. ಐದು ಫೂಟಿನ ಮೋವರಿನಿಂದ ತಿರುವು, ಸಾಲಿನ ಮೇಲೆ ಸಾಲು ಎಲ್ಲ ಸೇರಿ ಗಂಟೆಗೆ ಸುಮಾರು ಒಂದು ಎಕರೆ ಆಗುತ್ತದೆ.

ಅಗಲದ ಲೆಕ್ಕ ಸುಲಭ. ಒಂದು ಫೂಟಿಗೆ ಸುಮಾರು 5 ಎಚ್‌ಪಿ ಹಿಡಿಯಿರಿ. 25 ಎಚ್‌ಪಿ ಎಚ್‌ಎಂಟಿಗೆ ಐದು ಫೂಟು ಬಂತು. ಹಳೆ ಎಂಜಿನ್ ದಣಿದಿದ್ದರೆ ನಾಲ್ಕಕ್ಕೆ ಇಳಿಯಿರಿ. ಕತ್ತರಿಸುವ ಅಗಲ ಹಿಂದಿನ ಟಯರಿನ ಹೊರ ಅಂಚನ್ನು, ಒಂದು ಪಕ್ಕಕ್ಕಾದರೂ, ದಾಟಿರಲಿ. ಇಲ್ಲದಿದ್ದರೆ ಟಯರ್ ತುಳಿದ ಹುಲ್ಲು ಹಾಗೇ ಮಲಗಿ ಉಳಿಯುತ್ತದೆ. ಹುಲ್ಲು ಪಕ್ಕಕ್ಕೆ ಎಸೆಯುವುದು, ಹಿಂದಕ್ಕೆ ಬಿಡುವುದು ಎರಡೂ ಸಿಗುತ್ತವೆ. ಮಾವಿನ ಗಿಡ, ಆಡುವ ಮಕ್ಕಳು, ಗಾಜಿನ ಬಾಗಿಲು ಇರುವ ಜಾಗಕ್ಕೆ ಹಿಂದಕ್ಕೆ ಬಿಡುವುದನ್ನೇ ನಾನು ಹೇಳುತ್ತೇನೆ.

ಕಟ್ಟುವ ಪಿನ್ನುಗಳ ಸೈಜ್ ಹೊಂದುತ್ತದೆಯೇ ನೋಡಿ. ಟ್ರ್ಯಾಕ್ಟರಿನ ಹಿಂದೆ ಮಶಿನ್ ಕಟ್ಟುವ ಲಿಂಕುಗಳ ಸೈಜಿಗೆ ಕ್ಯಾಟಗರಿ ಅನ್ನುತ್ತಾರೆ. ಕ್ಯಾಟಗರಿ ಒಂದರಲ್ಲಿ ಕೆಳಗಿನ ಲಿಂಕ್ ಪಿನ್ 22 ಮಿಲಿಮೀಟರ್, ಎರಡರಲ್ಲಿ 28. ಕೆಲಸಕ್ಕೆ ಇಳಿಸಿದ ಮೇಲೆ ಮೋವರ್ ತನ್ನ ಗಾಲಿಗಳ ಮೇಲೆಯೇ ಓಡಬೇಕು, ಲಿಫ್ಟಿನಲ್ಲಿ ನೇತಾಡಬಾರದು. ಟಾಪ್ ಲಿಂಕ್, ಅಂದರೆ ಮೇಲಿನ ಲಿಂಕ್, ಸ್ವಲ್ಪ ಆಡುವಂತಿರಲಿ. ಆಗ ಗುಂಡಿ ದಿಬ್ಬದಲ್ಲಿ ನೆಲ ಕೆರೆಯುವುದು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರು ಎಂಜಿನ್ ಬಂದ್ ಮಾಡಿಸಿ, ಪಿಟಿಓ ಶಾಫ್ಟ್ ಬಿಚ್ಚಿಸಿ, ಮೋವರಿಗೆ ಕೆಳಗೆ ಗಟ್ಟಿ ಆಸರೆ ಕೊಟ್ಟು ಆಮೇಲೆ ಬಗ್ಗಿ. ದಪ್ಪ ಕೈಗವಸು ಹಾಕಿ, ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ಮೋವರಿನ ಗೇರ್ ಬಾಕ್ಸಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಇಳಿದಿದೆ. ಅಂಟಿದ ಹಳೆ ಹುಲ್ಲನ್ನು ಕೆರೆದು, ತಗಡನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿ, ತುಕ್ಕು ತಿಂದಿದೆಯೇ ನೋಡಿ. ಬೆಲ್ಟಿನ ಮೇಲಿನ ನಂಬರ್ ಬರೆದುಕೊಂಡು, ಅದು ಪುಣೆಯ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದ ಮೇಲೆ ದುಡ್ಡು ಕೊಡಿ. ಹೊಸದೇ ಬೇಕೆನ್ನುವವರಿಗೆ ಡಿಸೆಂಬರ್‌ನಲ್ಲಿ ಪುಣೆ ಹತ್ತಿರದ ಮೋಶಿಯಲ್ಲಿ ಕಿಸಾನ್ ಪ್ರದರ್ಶನ ನಡೆಯುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಟ್ರ್ಯಾಕ್ಟರಿನ ಪಿಟಿಓ, ಲಿಂಕ್ ಪಿನ್ನು, ಹಿಂದಿನ ಟಯರಿನ ಅಗಲ, ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮಸ್ಕಾರ.