ಮೆಂಡೋಸಾಗೆ ಯಾವಾಗ ಹೋಗ್ಬೇಕು?

ನಮಸ್ಕಾರ. ಅರ್ಜೆಂಟೀನಾದ ಪಶ್ಚಿಮಕ್ಕೆ, ಆಂಡೀಸ್ ಬೆಟ್ಟಗಳ ಬುಡದಲ್ಲೇ ಮೆಂಡೋಸಾ ಅಂತ ಒಂದು ಸೀಮೆ ಇದೆ, ಮಾಲ್ಬೆಕ್ ಅನ್ನೋ ಕೆಂಪು ವೈನಿಗೆ ಜಗತ್ತಿಗೇ ಹೆಸರುವಾಸಿ. ಅಲ್ಲಿಗೆ ಯಾವ ತಿಂಗಳು ಹೋಗೋದು ಒಳ್ಳೇದು ಅಂತ ಕೇಳಿದ್ರೆ ಸುಮಾರು ಜನ ಮಾರ್ಚ್ ಅಂತಾರೆ, ಸುಗ್ಗಿ ಹಬ್ಬ ನೋಡ್ಬಹುದಲ್ಲ ಅಂತ. ನಾನು ಏಪ್ರಿಲ್ ಅಂತೀನಿ, ಅದ್ರಲ್ಲೂ ತಿಂಗಳ ನಡುಭಾಗ ದಾಟಿದ ಮೇಲೆ.

ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರೋ ನಾಡು, ಅಲ್ಲಿ ಜನವರಿ ಅಂದ್ರೆ ನಡು ಬೇಸಿಗೆ, ಜುಲೈ ಅಂದ್ರೆ ಚಳಿಗಾಲ. ವರ್ಷಕ್ಕೆ ಬೀಳೋ ಮಳೆ ಸುಮಾರು 200 ಮಿಲಿಮೀಟರ್ ಅಷ್ಟೇ, ಹೆಚ್ಚುಕಮ್ಮಿ ಮರುಭೂಮಿನೇ. ದ್ರಾಕ್ಷಿ ಬಳ್ಳಿಗೆ ನೀರು ಸಿಗೋದು ಮೇಲೆ ಬೆಟ್ಟದಲ್ಲಿ ಹಿಮ ಕರಗಿದ್ರೆ. ಮೆಂಡೋಸಾ ಊರೊಳಗೆ ನಡೀತಾ ಹೋದ್ರೆ ರಸ್ತೆ ಪಕ್ಕದಲ್ಲೇ ಅಸೇಕಿಯಾ ಅನ್ನೋ ಕಾಲುವೆಗಳು ಕಾಣ್ತವೆ, ಸಾಲುಮರ ಹಸಿರಾಗಿರೋದೇ ಅವುಗಳಿಂದ, ಸ್ಪೇನಿನವರು ಬರೋಕೆ ಮುಂಚೇನೇ ಅಲ್ಲಿನ ಹುವಾರ್ಪೆ ಜನ ಹೀಗೆ ಕಾಲುವೆ ತೋಡಿ ಬೇಸಾಯ ಮಾಡ್ತಿದ್ರು.

ಹಾಗಾಗಿ ಮಳೆಯ ಚಿಂತೆ ಬಿಡಿ, ಅಲ್ಲಿ ಭಯ ಇರೋದು ಆಲಿಕಲ್ಲಿಂದು. ಬೇಸಿಗೆಯ ಮಧ್ಯಾಹ್ನ ಬಿಸಿಲು ಸುಡ್ತಾ ಇರತ್ತೆ, ಇದ್ದಕ್ಕಿದ್ದಂಗೆ ಮೋಡ ಕವಿದು ಆಲಿಕಲ್ಲು ಸುರಿದ್ರೆ ಕೆಲವೇ ನಿಮಿಷದಲ್ಲಿ ಒಂದು ವರ್ಷದ ಬೆಳೆ ನೆಲ ಸೇರತ್ತೆ, ಅದಕ್ಕೇ ಎಷ್ಟೋ ತೋಟಗಳಲ್ಲಿ ಬಳ್ಳಿಗೆ ಬಲೆ ಹೊದಿಸಿರ್ತಾರೆ. ಚಳಿಗಾಲದಲ್ಲಿ ಬಳ್ಳಿ ಬೋಳು, ಬಳ್ಳಿ ಕತ್ತರಿಸಿ ಸವರೋ ಕೆಲಸ ಬಿಟ್ರೆ ತೋಟದಲ್ಲಿ ನೋಡೋಕೆ ಹೆಚ್ಚೇನಿಲ್ಲ, ಚಿಲಿ ಕಡೆ ಹೋಗೋ ಬೆಟ್ಟದ ಹೆದ್ದಾರಿ ಹಿಮ ಬಿದ್ದು ಆಗಾಗ ಬಂದ್ ಆಗತ್ತೆ. ಹಿಮದಲ್ಲಿ ಸ್ಕೀ ಮಾಡೋರಿಗೆ ಅದೇ ಸರಿ ಕಾಲ, ಅದು ಬೇರೆ ಮಾತು. ವಸಂತದಲ್ಲಿ ಚಿಗುರು ಚೆನ್ನ, ಆದ್ರೆ ಸೋಂಡಾ ಅನ್ನೋ ಬಿಸಿ ಒಣ ಗಾಳಿ ಬೆಟ್ಟದಿಂದ ಇಳಿದು ಬಂತು ಅಂದ್ರೆ ಧೂಳೋ ಧೂಳು, ಮನೆ ಬಾಗಿಲು ಹಾಕ್ಕೊಂಡು ಕೂರೋದೇ.

ಈಗ ಮಾರ್ಚ್ ವಿಷಯಕ್ಕೆ ಬರೋಣ. ವೆಂಡಿಮಿಯಾ ಅನ್ನೋ ಆ ಹಬ್ಬ 1936ರಿಂದ ಸರ್ಕಾರದ ಹಬ್ಬವಾಗಿ ನಡೀತಿದೆ, ಬೀದಿ ಮೆರವಣಿಗೆ, ಬೆಟ್ಟದ ಮಡಿಲಲ್ಲಿರೋ ಬಯಲು ರಂಗಮಂದಿರದಲ್ಲಿ ರಾತ್ರಿ ಹೊತ್ತು ಹಾಡು ಕುಣಿತ, ನಿಜಕ್ಕೂ ಅದ್ಭುತ. ಆದ್ರೆ ನಿಮಗೆ ಬೇಕಾಗಿರೋದು ವೈನ್ ಅಂದ್ರೆ ಆಗ ರೂಮ್ ಸಿಗೋದೇ ಕಷ್ಟ, ವೈನ್ ಮಾಡೋರಿಗೂ ಸುಗ್ಗಿಯ ಗಡಿಬಿಡಿ, ನಿಂತು ಮಾತಾಡೋಕೆ ಪುರುಸೊತ್ತು ಎಲ್ಲಿರತ್ತೆ?

ಏಪ್ರಿಲಲ್ಲಿ ಮೆಂಡೋಸಾ ಸೀಮೆಯದ್ದೇ ಆದ ಉಕೋ ಕಣಿವೆಗೆ ಹೋಗಿ. ಅಲ್ಲಿ ತೋಟಗಳಿರೋದು ಸುಮಾರು 900ರಿಂದ 1,500 ಮೀಟರ್ ಎತ್ತರದಲ್ಲಿ, ತಂಪು ಜಾಸ್ತಿ, ಅದಕ್ಕೇ ಹಣ್ಣು ಮಾಗೋದು ತಡ. ಹಗಲು ಒಳ್ಳೇ ಬಿಸಿಲು, ರಾತ್ರಿ ಸ್ವೆಟರ್ ಬೇಕೇ ಬೇಕು, ದ್ರಾಕ್ಷಿಗೆ ಅಷ್ಟು ಗಾಢ ಬಣ್ಣ ಬಂದೂ ಹುಳಿ ಉಳಿಯೋದು ಈ ವ್ಯತ್ಯಾಸದಿಂದಾನೇ. ಕೆಳಗಿನ ತೋಟಗಳಲ್ಲಿ ಕಟಾವು ಮುಗೀತಾ ಬಂದಿದ್ರೂ ಇಲ್ಲಿ ಇನ್ನೂ ನಡೀತಿರತ್ತೆ. ಕೂಲಿಯವರು ಸುಮಾರು 20 ಕೆಜಿ ತುಂಬಿದ ಡಬ್ಬ ಹೆಗಲ ಮೇಲಿಟ್ಕೊಂಡು ಸಾಲುಗಳ ಮಧ್ಯೆ ಓಡಿ ಬರ್ತಾರೆ, ಲಾರಿಗೆ ಸುರೀತಾರೆ, ಒಂದು ಟೋಕನ್ ಇಸ್ಕೊಂಡು ಮತ್ತೆ ಓಡ್ತಾರೆ, ಕೂಲಿ ಲೆಕ್ಕ ಆಗೋದು ಆ ಟೋಕನ್ ಎಣಿಸಿ. ಒಂದು ಬಾಟಲಿ ಹಿಂದೆ ಎಷ್ಟು ಮೈಬೆವರು ಇದೆ ಅಂತ ಪ್ರವಾಸಿಗಳು ಇದನ್ನ ನೋಡ್ಲೇಬೇಕು ಅನ್ನೋದು ನನ್ನ ಆಸೆ. ಒಳಗೆ ತೊಟ್ಟಿಗಳಲ್ಲಿ ರಸ ಹುದುಗ್ತಿರತ್ತೆ, ಸಿಪ್ಪೆ ಎಲ್ಲಾ ಮೇಲೆ ಬಂದು ದಪ್ಪ ಪದರ ಕಟ್ಟಿರತ್ತೆ, ಕೆಳಗಿನ ರಸನ ಪಂಪಲ್ಲಿ ಎತ್ತಿ ಅದರ ಮೇಲೇ ಸುರೀತಾರೆ, ನೇರಳೆ ನೊರೆ ಉಕ್ಕತ್ತೆ. ತೊಟ್ಟಿ ಬಾಯಿಗೆ ಮಾತ್ರ ಬಗ್ಗಬೇಡಿ, ಹುದುಗುವಾಗ ಬರೋ ಕಾರ್ಬನ್ ಡೈಆಕ್ಸೈಡ್ ಉಸಿರೇ ಕಟ್ಟಿಸತ್ತೆ.

ಹೊರಗೆ ಬಂದ್ರೆ ಗಾಳಿ ತಡೆಗೆ ನೆಟ್ಟ ಪಾಪ್ಲರ್ ಮರಗಳು ಹಳದಿಗೆ ತಿರುಗಿರ್ತವೆ, ಹಿಂದೆ ಸುಮಾರು 6,000 ಮೀಟರ್ ಎತ್ತರದ ಬೆಟ್ಟಸಾಲು. ಏಪ್ರಿಲ್ 17 ಮಾಲ್ಬೆಕ್ ದಿನಾನೂ ಹೌದು. 1853ರಲ್ಲಿ ಅದೇ ತಾರೀಕು ಮೆಂಡೋಸಾದಲ್ಲಿ ಒಂದು ಕೃಷಿ ಶಾಲೆ ತೆರೆಯೋ ಮಸೂದೆ ಮಂಡನೆ ಆಯ್ತು, ಅದನ್ನ ನಡೆಸೋಕೆ ಬಂದ ಫ್ರಾನ್ಸಿನ ಮಿಶೆಲ್ ಪುಜೆ ಅನ್ನೋ ತಜ್ಞರು ತಂದ ತಳಿಗಳಲ್ಲಿ ಮಾಲ್ಬೆಕ್ಕೂ ಒಂದು.

ಟಿಕೆಟ್ ಮಾಡಿಸೋ ಮುಂಚೆ ಈಸ್ಟರ್ ಯಾವಾಗ ಬರತ್ತೆ ನೋಡ್ಕೊಳ್ಳಿ, ಆ ವಾರ ಅರ್ಜೆಂಟೀನಾದವರೇ ರಜಾಕ್ಕೆ ಬಂದು ತುಂಬ್ಕೊಂಡಿರ್ತಾರೆ. ಎಷ್ಟೋ ವೈನರಿಗಳು ಭಾನುವಾರ ಮುಚ್ಚಿರ್ತವೆ, ಬೇರೆ ದಿನಾನೂ ಮೊದಲೇ ಬುಕ್ ಮಾಡದೆ ಹೋದ್ರೆ ಗೇಟಲ್ಲೇ ವಾಪಸ್ ಕಳಿಸಬಹುದು. ಉಕೋ ಕಣಿವೆ ಊರಿಂದ ಒಂದು ಗಂಟೆಗೂ ಜಾಸ್ತಿ ದಾರಿ, ಅದಕ್ಕೇ ಅಂತ ಒಂದು ಪೂರ್ತಿ ದಿನ ಇಟ್ಕೊಳ್ಳಿ, ಕುಡಿದು ಗಾಡಿ ಓಡಿಸೋ ಹಂಗಿಲ್ಲ, ಡ್ರೈವರ್ ಇರೋ ಕಾರನ್ನೇ ಗೊತ್ತು ಮಾಡ್ಕೊಳ್ಳಿ.