ಕುಸೀತಾ ಇರೋ ಊರು ನೋಡೋಕೆ ಟಿಕೆಟ್! ಇಟಲಿಯ ಚಿವಿತಾ ದಿ ಬಾನ್ಯೊರೆಜೊ

ದೃಶ್ಯ: ಡ್ರೋನ್ ಶಾಟ್, ಒಂಟಿ ಗುಡ್ಡ, ಉದ್ದನೆ ಸೇತುವೆ

ನಮಸ್ಕಾರ ಎಲ್ರಿಗೂ. ಇದು ಎಐ ಮಾಡಿದ ಫೋಟೋ ಅಲ್ಲ ಸ್ವಾಮಿ, ನಿಜವಾದ ಊರು. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಹೆಸರು ಚಿವಿತಾ ದಿ ಬಾನ್ಯೊರೆಜೊ. ಕಾರು ಬಸ್ಸು ಏನೂ ಒಳಗೆ ಹೋಗಲ್ಲ, 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ ದಾರಿ. ವರ್ಷಪೂರ್ತಿ ಇಲ್ಲೇ ವಾಸ ಇರೋರನ್ನ ಬೆರಳಲ್ಲಿ ಎಣಿಸಿಬಿಡಬಹುದು.

ಇಷ್ಟು ಎತ್ತರಕ್ಕೆ ಹೋಗಿ ಯಾಕೆ ಊರು ಕಟ್ಟಿದ್ರು ಅಂತೀರಾ? 2500 ವರ್ಷದ ಹಿಂದೆ, ರೋಮನ್ನರ ಕಾಲಕ್ಕೂ ಮುಂಚೆ, ಎಟ್ರಸ್ಕನ್ ಜನ ಈ ಗುಡ್ಡ ಹಿಡಿದ್ರು. ಶತ್ರು ಹತ್ತಿ ಬರೋದು ಕಷ್ಟ, ಮೇಲಾಗಿ ಇಲ್ಲಿನ ಟಫ್ ಅನ್ನೋ ಜ್ವಾಲಾಮುಖಿ ಕಲ್ಲನ್ನ ಸಲೀಸಾಗಿ ಕೊರೀಬಹುದು, ಹಾಗಾಗಿ ಮನೆಗಳ ಕೆಳಗೆಲ್ಲ ಗುಹೆ, ವೈನ್ ಇಡೋ ನೆಲಮಾಳಿಗೆ, ಗುಡ್ಡದ ಬುಡದಲ್ಲಿ ಆಚೆಕಡೆಗೆ ಹೋಗೋ ಸುರಂಗ ಕೂಡ ಇದೆ.

ಪ್ರಾಬ್ಲಂ ಇರೋದು ಈ ಕಲ್ಲಿನ ಕೆಳಗೆ. ಅಲ್ಲಿರೋದು ಜೇಡಿಮಣ್ಣು, ಒಂದು ಕಾಲದಲ್ಲಿ ಸಮುದ್ರದ ತಳ ಆಗಿದ್ದದ್ದು. ಮಳೆ ಬಿದ್ರೆ ಮಣ್ಣು ಜಾರುತ್ತೆ, ಎರಡೂ ಕಡೆ ಹರಿಯೋ ಹಳ್ಳಗಳು ಬುಡ ಕೊರೀತವೆ, ಆಮೇಲೆ ಮೇಲಿನ ಕಲ್ಲಿಗೆ ಆಸರೆ ಇಲ್ದೆ ಬಿರುಕು ಬಿಟ್ಟು ದೊಡ್ಡ ದೊಡ್ಡ ತುಂಡಾಗಿ ಕಳಚ್ಕೊಳ್ಳುತ್ತೆ. ನೀರು ಜಾಸ್ತಿಯಾದ ರಾಗಿ ಮುದ್ದೆ ಮೇಲೆ ಇಟ್ಟಿಗೆ ಇಟ್ರೆ ಏನಾಗುತ್ತೆ, ಅದೇ. ಬಿದ್ದದ್ದು ಅಂಚಿನ ಮನೆಗಳು, ಮನೆ ಜೊತೆಗೆ ಬೀದಿನೂ.

ದೃಶ್ಯ: ಊರ ಬಾಗಿಲ ಪಕ್ಕದ ಗೋಡೆ, ಕ್ಲೋಸಪ್

ಈ ಗೋಡೆ ನೋಡಿ. ಶ್ರೀಮಂತರ ಅರಮನೆ ಇದು, ಮುಂಭಾಗ ಚೆನ್ನಾಗೇ ನಿಂತಿದೆ, ಕಿಟಕಿ ಚೌಕಟ್ಟೂ ಇದೆ, ಆದ್ರೆ ಕಿಟಕಿ ಒಳಗಿಂದ ಕಾಣೋದು ಆಕಾಶ! ಹಿಂದಿದ್ದ ಮನೆ ಕಣಿವೆಗೆ ಹೋಯ್ತು. 13ನೇ ಶತಮಾನದ ಫ್ರಾನ್ಸಿಸ್ಕನ್ ಅನ್ನೋ ಕ್ರೈಸ್ತ ಸನ್ಯಾಸಿ ಪಂಥದ ದೊಡ್ಡ ಸಂತ ಬೊನಾವೆಂಚರ್ ಹುಟ್ಟಿದ್ದು ಇದೇ ಊರಲ್ಲಿ, ಅವರ ಮನೆಗೂ ಅದೇ ಗತಿ.

1695ರ ಜೂನ್‌ನಲ್ಲಿ ಭೂಕಂಪ ಆಯ್ತು. ಬಿಷಪ್ಪೂ ಆಡಳಿತವೂ ಪಕ್ಕದ ಬಾನ್ಯೊರೆಜೊಗೆ ಶಿಫ್ಟ್ ಆದ್ವು, ಜನ ಹಿಂದೇನೇ ಹೊರಟ್ರು. ಕೋರ್ಟು ಕಚೇರಿ ಹೋದ್ಮೇಲೆ ಊರಲ್ಲಿ ಯಾರಿರ್ತಾರೆ ಹೇಳಿ? ನನ್ ಪ್ರಕಾರ ಊರು ಖಾಲಿಯಾಗಿದ್ದು ಬರೀ ಮಣ್ಣಿನಿಂದ ಅಲ್ಲ, ಈ ನಿರ್ಧಾರದಿಂದಾನೂ.

ಈಗ ಮಜಾ ಕೇಳಿ. ಇದೇ ಭಾಗದಲ್ಲಿ ಹುಟ್ಟಿದ ಬರಹಗಾರ ಬೊನವೆಂತೂರಾ ತೆಕ್ಕಿ ಇದಕ್ಕೆ 'ಸಾಯ್ತಿರೋ ಊರು' ಅಂತ ಹೆಸರಿಟ್ರು, ಆ ಹೆಸರೇ ಇವತ್ತು ಬ್ರಾಂಡ್. 2013ರಲ್ಲಿ ಒಳಗೆ ಹೋಗೋಕೆ ಒಂದೂವರೆ ಯೂರೋ ಟಿಕೆಟ್ ಇಟ್ರು, ಆಮೇಲೆ ಅದು 5 ಯೂರೋಗೆ ಹೋಯ್ತು, ಜನ ಕಡಿಮೆ ಆಗೋ ಬದಲು ಜಾಸ್ತಿನೇ ಆದ್ರು, ಬಂದ ದುಡ್ಡಲ್ಲಿ ಬಾನ್ಯೊರೆಜೊದವರ ಲೋಕಲ್ ಟ್ಯಾಕ್ಸನ್ನೇ ತೆಗೆದುಹಾಕಿದ್ರು. ಬಂಡೆಗೆ ಕಬ್ಬಿಣದ ಸರಳು ಹಾಕಿ ಬಿಗಿಯೋ ಕೆಲಸ, ಹಳ್ಳಕ್ಕೆ ಸಣ್ಣ ಅಡ್ಡಗಟ್ಟೆ, ಇದೆಲ್ಲಾ ಮಾಡ್ತಾನೇ ಇದ್ದಾರೆ, ಆದ್ರೆ ಜೇಡಿಮಣ್ಣನ್ನ ಗಟ್ಟಿ ಕಲ್ಲು ಮಾಡೋಕಂತೂ ಆಗಲ್ಲ.

ಹೋಗೋ ಪ್ಲಾನ್ ಇದ್ರೆ ರೈಲಲ್ಲಿ ಓರ್ವಿಯೆತೊಗೆ ಹೋಗಿ, ಅಲ್ಲಿಂದ ಬಾನ್ಯೊರೆಜೊಗೆ ಬಸ್ಸಿದೆ, ಭಾನುವಾರ ಮಾತ್ರ ಬಸ್ ನಂಬ್ಕೊಂಡು ಹೊರಡ್ಬೇಡಿ. ಸೇತುವೆಯ ಕೊನೇ ಭಾಗ ಸಖತ್ ಏರು, ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಟೈಮ್ ಜಾಸ್ತಿ ಇಟ್ಕೊಳ್ಳಿ.