ವಾರ್ಡಿನಿಂದ ಮನೆಯವರೆಗೆ: ಕ್ಯಾನ್ಸರ್ ಇರುವ ಮಕ್ಕಳ ಉಪಶಮನ ಆರೈಕೆ

ಕೇಳುಗರಿಗೆ ನಮಸ್ಕಾರ.

ಆರು ವರ್ಷದ, 20 ಕಿಲೋ ತೂಕದ ಒಂದು ಮಗುವನ್ನು ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ. ಗಡ್ಡೆ ಮೂಳೆಗೆ ಹರಡಿದೆ, ನೋವು ಜಾಸ್ತಿ. ವೈದ್ಯರು ನಾಲ್ಕು ಗಂಟೆಗೊಮ್ಮೆ 4 ಮಿಲಿಗ್ರಾಂ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧ ಬರೆದಿದ್ದಾರೆ. ದಿನಕ್ಕೆ ಆರು ಸಲ, ಒಟ್ಟು 24 ಮಿಲಿಗ್ರಾಂ. ಎರಡು ವಾರಕ್ಕೆ 336 ಮಿಲಿಗ್ರಾಂ. ಔಷಧಾಲಯದಲ್ಲಿ ಇರುವುದು 10 ಮಿಲಿಗ್ರಾಂ ಮಾತ್ರೆ. ಹಾಗಾಗಿ 34 ಮಾತ್ರೆ ಎಣಿಸಿ ಕೊಡುತ್ತಾರೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ಮನೆಯಲ್ಲಿ ತಾಯಿ ಪ್ರತಿ ಸಲವೂ ಒಂದು ಇಡೀ ಮಾತ್ರೆಯನ್ನು ಪುಡಿ ಮಾಡಿ, 10 ಮಿಲಿಲೀಟರ್ ನೀರಿಗೆ ಕಲಸಿ, ಅದರಲ್ಲಿ 4 ಮಿಲಿಲೀಟರ್ ಕುಡಿಸಿ, ಉಳಿದದ್ದನ್ನು ಚೆಲ್ಲುತ್ತಾಳೆ. ದಿನಕ್ಕೆ ಆರು ಮಾತ್ರೆ ಹೋಗುತ್ತದೆ. ಆರನೇ ದಿನಕ್ಕೆ ಪೊಟ್ಟಣ ಖಾಲಿ. ಊರು ಲಿಂಗಸುಗೂರಿನ ಆಚೆ. ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು. ಊರಿನ ಮೆಡಿಕಲ್ ಶಾಪಿನಲ್ಲಿ ಮಾರ್ಫಿನ್ ಸಿಗುವುದಿಲ್ಲ.

ಇಲ್ಲಿ ವೈದ್ಯರು ಸರಿಯಾಗಿಯೇ ಬರೆದರು, ಫಾರ್ಮಸಿಸ್ಟ್ ಸರಿಯಾಗಿಯೇ ಎಣಿಸಿದರು, ನರ್ಸ್ ಸರಿಯಾಗಿಯೇ ಕಲಸಲು ಕಲಿಸಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣಲಿಲ್ಲ, ಅಷ್ಟೇ. ಮಕ್ಕಳ ಉಪಶಮನ ಆರೈಕೆಯಲ್ಲಿ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆಯಲ್ಲಿ, ಎಲ್ಲರೂ ಕೂಡಿ ಕೆಲಸ ಮಾಡಬೇಕು ಎಂದು ಸಭೆಗಳಲ್ಲಿ ಹೇಳುವ ಮಾತು ಕೊನೆಗೆ ಬಂದು ನಿಲ್ಲುವುದು ಇಂಥ ಜಾಗದಲ್ಲಿ. ಚೀಟಿಯ ಮೇಲೆ ‘ಪ್ರತಿ ಸಲ ಒಂದು ಮಾತ್ರೆ ಕಲಸಬೇಕು, 14 ದಿನಕ್ಕೆ 84, ನಡುವಿನ ನೋವಿಗೆ ಇನ್ನಷ್ಟು’ ಎಂದು ಒಂದು ಸಾಲು ಬರೆದಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಉಪಶಮನ ಆರೈಕೆ ಎಂದರೆ ‘ಇನ್ನೇನೂ ಮಾಡಲಾಗದು’ ಎಂದ ಮೇಲೆ ಶುರುವಾಗುವಂಥದ್ದು ಎಂಬ ತಿಳಿವಳಿಕೆ ವೈದ್ಯರಲ್ಲೂ ಇದೆ. ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೇರೆ: ರೋಗ ಪತ್ತೆಯಾದ ದಿನದಿಂದಲೇ ಇದು ಶುರುವಾಗಬೇಕು, ಗುಣಪಡಿಸುವ ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕು. ಕಾರಣವೂ ಸರಳ. ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಟ್ಟ ಕೆಲವು ದಿನಗಳಲ್ಲಿ ಮಗುವಿಗೆ ದವಡೆ ನೋಯುತ್ತದೆ, ಕಾಲು ಜುಮುಗುಡುತ್ತದೆ, ಮಲ ಕಟ್ಟುತ್ತದೆ. ಬೆನ್ನುಹುರಿಯ ನೀರು ತೆಗೆಯುವಾಗ, ಮೂಳೆಮಜ್ಜೆ ಪರೀಕ್ಷೆ ಮಾಡುವಾಗ ಆಗುವ ನೋವು ಬೇರೆ. ಗುಣವಾಗಲಿರುವ ಮಗುವಿಗೂ ಇವೆಲ್ಲ ಇದ್ದದ್ದೇ. ಸೂಜಿ ಚುಚ್ಚುವ ಜಾಗಕ್ಕೆ ಒಂದು ಗಂಟೆ ಮುಂಚೆ ಮರಗಟ್ಟಿಸುವ ಮುಲಾಮು ಹಚ್ಚಿ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಹತ್ತು ನಿಮಿಷ ಮುಂಚೆ ಹಚ್ಚಿದರೆ ಜಾಗ ಮರಗಟ್ಟುವುದೇ ಇಲ್ಲ. ‘ಈ ಮುಲಾಮು ಪ್ರಯೋಜನಕ್ಕಿಲ್ಲ’ ಎಂಬ ಕೆಟ್ಟ ಹೆಸರು ಬರುವುದು ಹೀಗೇ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹತ್ತೊಂಬತ್ತು ವಯಸ್ಸಿನೊಳಗಿನವರನ್ನು ಸೇರಿಸಿ, ಕ್ಯಾನ್ಸರ್ ಬರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. 2018ರಲ್ಲಿ ಅದೇ ಸಂಸ್ಥೆ ಆರಂಭಿಸಿದ ಕಾರ್ಯಕ್ರಮದ ಗುರಿ, 2030ರ ಹೊತ್ತಿಗೆ ಎಲ್ಲೆಡೆ ನೂರಕ್ಕೆ ಕನಿಷ್ಠ 60 ಮಕ್ಕಳಾದರೂ ಬದುಕುಳಿಯಬೇಕು ಎಂಬುದು. ಗುರಿ ಮುಟ್ಟಿದರೂ ನೂರರಲ್ಲಿ ನಲವತ್ತು ಮಕ್ಕಳ ಪ್ರಶ್ನೆ ಉಳಿಯುತ್ತದೆ. ಅದೇ ಕಾರ್ಯಕ್ರಮ ಎಲ್ಲ ಮಕ್ಕಳ ನೋವು ಕಡಿಮೆ ಮಾಡುವುದನ್ನೂ ಗುರಿಯಾಗಿ ಬರೆದುಕೊಂಡಿದೆ. ಆ ಅರ್ಧವನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ.

ನೋವನ್ನು ಅಳೆಯುವುದರಿಂದ ಆರಂಭಿಸೋಣ. ಮಾತು ಬಲ್ಲ ಮಗುವಿಗೆ ಆರು ಮುಖಗಳ ಚಿತ್ರ ತೋರಿಸಿ, ‘ನಿನ್ನ ನೋವು ಯಾವ ಮುಖದಷ್ಟಿದೆ’ ಎಂದು ಕೇಳುತ್ತಾರೆ. ಮಾತು ಬಾರದ ಮಗುವಿನಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ಬಗೆ ಈ ಐದನ್ನು ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ ಕೊಡುತ್ತಾರೆ. ಒಟ್ಟು ಹತ್ತು. ಇದನ್ನು ಆಶಾ ಕಾರ್ಯಕರ್ತೆಯರೂ ಬೇಗ ಕಲಿಯುತ್ತಾರೆ. ಮೋಸ ಹೋಗುವುದು ಎಲ್ಲಿ ಎಂದರೆ, ವಾರಗಟ್ಟಲೆ ನೋವು ತಿಂದ ಮಗು ಅಳುವುದನ್ನೇ ಬಿಟ್ಟಿರುತ್ತದೆ. ಕದಲಿದರೆ ನೋಯುತ್ತದೆಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತದೆ. ನೋಡಿದವರು ‘ಪಾಪ, ತಣ್ಣಗಿದೆ’ ಅನ್ನುತ್ತಾರೆ, ಅಂಕಪಟ್ಟಿಯಲ್ಲೂ ಕಡಿಮೆ ಬರುತ್ತದೆ. ಅಂಥ ಮಗುವಿಗೆ ಒಂದು ಡೋಸ್ ನೋವಿನ ಔಷಧ ಕೊಟ್ಟು ಒಂದು ಗಂಟೆ ಕಾದು ನೋಡಬೇಕು. ಎದ್ದು ಕೂತು ಮೊಬೈಲ್ ಕೇಳಿತೆಂದರೆ ಉತ್ತರ ಸಿಕ್ಕಿತು.

ಇನ್ನು ಔಷಧ. ಮೊದಲ ಮೆಟ್ಟಿಲು ಪ್ಯಾರಾಸಿಟಮಾಲ್, ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. ಐಬುಪ್ರೊಫೆನ್ ಒಳ್ಳೆಯ ಔಷಧವೇ, ಆದರೆ ಕೀಮೋದಿಂದ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿದ ಮಗುವಿಗೆ ರಕ್ತಸ್ರಾವ ತಂದೀತು. ನೋವು ಜಾಸ್ತಿಯಿದ್ದರೆ ನೇರವಾಗಿ ಸಣ್ಣ ಪ್ರಮಾಣದ ಮಾರ್ಫಿನ್. ನಡುವೆ ಕೊಡೀನ್ ಎಂಬ ಸೌಮ್ಯ ನೋವಿನ ಔಷಧ ಕೊಡುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಮಕ್ಕಳ ಮಟ್ಟಿಗೆ ಕೈಬಿಟ್ಟಿತು. ಕೊಡೀನ್ ದೇಹದೊಳಗೆ ಮಾರ್ಫಿನ್ ಆಗಿ ಬದಲಾದರೆ ಮಾತ್ರ ಕೆಲಸ ಮಾಡುತ್ತದೆ. ಕೆಲವು ಮಕ್ಕಳಲ್ಲಿ ಹಾಗಾಗುವುದೇ ಇಲ್ಲ, ಇನ್ನು ಕೆಲವರಲ್ಲಿ ಅಪಾಯವಾಗುವಷ್ಟು ವೇಗದಲ್ಲಿ ಆಗುತ್ತದೆ.

ಮಾರ್ಫಿನ್ ಪ್ರಮಾಣವನ್ನು ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು. ಮನೆಯವರು ತಿಳಿದಿರಬೇಕಾದದ್ದು ಕೊಡುವ ಕ್ರಮ. ಗಡಿಯಾರ ನೋಡಿ ಕೊಡಿ. ನೋವು ಬರಲಿ ಎಂದು ಕಾಯಬೇಡಿ. ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ನುಣ್ಣಗೆ ಪುಡಿ ಮಾಡಿ, ಅಳೆದ ನೀರಿಗೆ ಹಾಕಿ, ಚೆನ್ನಾಗಿ ಅಲುಗಾಡಿಸಿ, ಪುಡಿ ತಳಕ್ಕೆ ಇಳಿಯುವ ಮೊದಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಅಡುಗೆಮನೆಯ ಚಮಚದಿಂದ ಅಳೆಯಲೇಬೇಡಿ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಕಹಿ ಎಂದು ಮಗು ಉಗುಳಿದರೆ, ಒಂದು ವರ್ಷ ದಾಟಿದ ಮಗುವಾದರೆ, ಬೆಲ್ಲದ ನೀರೋ ಜೇನೋ ಮೇಲೆ ಕೊಡಬಹುದು. ಎರಡು ಹೊತ್ತಿನ ನಡುವೆ ನೋವು ಎದ್ದರೆ ಕೊಡಲು ಬೇರೆ ಪ್ರಮಾಣ ಬರೆದಿರುತ್ತಾರೆ, ಸಾಮಾನ್ಯವಾಗಿ ಇಡೀ ದಿನದ್ದರ ಶೇಕಡ 5ರಿಂದ 10. ನಮ್ಮ ಲೆಕ್ಕದ ಮಗುವಿಗೆ ಅದು ಸುಮಾರು 2 ಮಿಲಿಗ್ರಾಂ, ಅಂದರೆ ಕಲಸಿದ ನೀರಿನಲ್ಲಿ 2 ಮಿಲಿಲೀಟರ್. ಎಷ್ಟು ಸಲ ಬೇಕಾಯಿತು ಎಂದು ಕ್ಯಾಲೆಂಡರಿನಲ್ಲಿ ಗೀಟು ಹಾಕಿಡಿ. ಡೋಸ್ ಏರಿಸಬೇಕೇ ಎಂದು ವೈದ್ಯರು ತೀರ್ಮಾನಿಸುವುದು ಆ ಗೀಟುಗಳನ್ನು ನೋಡಿಯೇ.

ಒಂದು ಎಚ್ಚರಿಕೆ. ಮಾರ್ಫಿನ್ ಮಾತ್ರೆಯಲ್ಲಿ ಎರಡು ಬಗೆ. ಹನ್ನೆರಡು ಗಂಟೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಪಟ್ಟಿಯ ಮೇಲೆ ‘ಎಸ್‌ಆರ್’ ಎಂದಿರುತ್ತದೆ. ಅದನ್ನು ಪುಡಿ ಮಾಡಿದರೆ ಹನ್ನೆರಡು ಗಂಟೆಯ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಬೇರೊಂದು ಆಸ್ಪತ್ರೆಯಲ್ಲಿ ಬೇರೆ ಬಗೆಯ ಪಟ್ಟಿ ಕೊಟ್ಟರೆ, ಹಳೆ ಅಭ್ಯಾಸದಂತೆ ಮನೆಯಲ್ಲಿ ಅದನ್ನೂ ಪುಡಿ ಮಾಡುವ ಅಪಾಯವಿದೆ. ಕೊಡುವವರು ಪಟ್ಟಿಯ ಮೇಲೆ ಪೆನ್ನಿನಲ್ಲಿ ‘ಪುಡಿ ಮಾಡಬಾರದು’ ಎಂದು ಕನ್ನಡದಲ್ಲಿ ಬರೆದರೆ ಸಾಕು.

ಮೊದಲ ಎರಡು ಮೂರು ದಿನ ಮಗು ಜಾಸ್ತಿ ನಿದ್ದೆ ಮಾಡುತ್ತದೆ. ಎಷ್ಟೋ ದಿನದ ನಿದ್ದೆ ಬಾಕಿ ಇರುತ್ತದೆ, ಗಾಬರಿ ಬೇಡ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾದರೆ, ಕಣ್ಣ ಪಾಪೆ ಸೂಜಿಮೊನೆಯಷ್ಟಾದರೆ ಮುಂದಿನ ಡೋಸ್ ಕೊಡದೆ ಕೂಡಲೇ ಕರೆ ಮಾಡಿ. ಮೂತ್ರ ಕಡಿಮೆಯಾದರೂ ತಿಳಿಸಬೇಕು. ಮೂತ್ರಪಿಂಡ ಸೋತರೆ ಔಷಧ ದೇಹದಲ್ಲೇ ಉಳಿಯುತ್ತದೆ. ಮಲಬದ್ಧತೆಯಂತೂ ಆಗಿಯೇ ಆಗುತ್ತದೆ, ಅದು ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಆರಂಭಿಸಿದ ದಿನವೇ ಮಲ ಸಡಿಲಿಸುವ ಔಷಧವೂ ಆರಂಭವಾಗಬೇಕು. ಹೊಟ್ಟೆ ಉಬ್ಬಿತೆಂದು ಮನೆಯವರೇ ಮಾರ್ಫಿನ್ ನಿಲ್ಲಿಸಿಬಿಡುವುದು ಈ ಒಂದು ಮರೆವಿನಿಂದ.

ಈ ಔಷಧ ಜಿಲ್ಲೆಗಳಲ್ಲಿ ಯಾಕೆ ಸಿಗುವುದಿಲ್ಲ? ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಮಾರ್ಫಿನ್‌ನ ಮೂಲವಾದ ಅಫೀಮನ್ನು ಕಾನೂನುಬದ್ಧವಾಗಿ ಸಂಸ್ಕರಿಸುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯ್ದೆಯಡಿ ಆಸ್ಪತ್ರೆಗಳು ಹಲವು ಇಲಾಖೆಗಳಿಂದ ಹಲವು ಪರವಾನಗಿ ಪಡೆಯಬೇಕಿತ್ತು, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. 2014ರ ತಿದ್ದುಪಡಿ ಅದನ್ನು ಬದಲಿಸಿತು. ಮಾರ್ಫಿನ್ ಸೇರಿ ಆರು ಔಷಧಗಳಿಗೆ ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು. ತರಬೇತಿ ಪಡೆದ ಒಬ್ಬ ವೈದ್ಯರು, ಬೀಗ ಹಾಕುವ ಕಪಾಟು, ದಿನದ ಲೆಕ್ಕದ ರಿಜಿಸ್ಟರು, ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜು ಇಷ್ಟಿದ್ದರೆ ಜಿಲ್ಲಾಸ್ಪತ್ರೆಯೂ ಅರ್ಜಿ ಹಾಕಬಹುದು. ಕಾನೂನು ಬದಲಾಗಿದೆ, ಭಯ ಬದಲಾಗಿಲ್ಲ. ಕಪಾಟಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬ ವಾದದಲ್ಲೇ ಅರ್ಜಿ ಕೂತುಬಿಡುವುದುಂಟು.

ಕೂಡಿ ಕಟ್ಟಿದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಬೆಂಗಳೂರಿನ ಕರುಣಾಶ್ರಯ ಹುಟ್ಟಿದ್ದು ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ ಮಾಡಿದ ಟ್ರಸ್ಟಿನಿಂದ. 1995ರಲ್ಲಿ ಮೊದಲು ಮನೆಗೆ ಹೋಗಿ ಆರೈಕೆ, ಆಮೇಲೆ ಕಟ್ಟಡ. ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಕ್ಕಳ ಉಪಶಮನ ಸೇವೆ ಬೆಳೆದದ್ದು ಅಲ್ಲಿನ ಸ್ವಯಂಸೇವಾ ಸಂಸ್ಥೆ ಮತ್ತು ಕೆನಡಾದ ‘ಟು ವರ್ಲ್ಡ್ಸ್ ಕ್ಯಾನ್ಸರ್ ಕೊಲ್ಯಾಬರೇಷನ್’ ಜೊತೆಗೂಡಿದ್ದರಿಂದ. ಅಲ್ಲಿಂದ ‘ಎಕೋ’ ಎಂಬ ಆನ್‌ಲೈನ್ ತರಗತಿಗಳೂ ನಡೆದಿವೆ. ಅದರ ಕ್ರಮ ಹೀಗೆ: ಮೊದಲು ಚಿಕ್ಕ ಪಾಠ, ಆಮೇಲೆ ಯಾವುದೋ ಊರಿನ ವೈದ್ಯರು ಹೆಸರು ಹೇಳದೆ ಒಂದು ಮಗುವಿನ ಸಮಸ್ಯೆ ಮುಂದಿಡುತ್ತಾರೆ, ಉಳಿದವರು ಚರ್ಚಿಸುತ್ತಾರೆ. ಪಾಠಕ್ಕಿಂತ ಆ ಚರ್ಚೆಯೇ ಹೆಚ್ಚು ಕಲಿಸುತ್ತದೆ. ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಇರುವ ಮಕ್ಕಳ ತಜ್ಞರಿಗೆ ಒಂದು ಮಾರ್ಫಿನ್ ಚೀಟಿ ಧೈರ್ಯವಾಗಿ ಬರೆಯಲು ಬೇಕಾದದ್ದು ಅಂಥ ಬೆನ್ನ ಹಿಂದಿನ ಬಲ.

ಊರಿಗೆ ಹೊರಡುವ ಮಗುವಿನ ಜೊತೆ ಒಂದು ಹಾಳೆ ಹೋಗಬೇಕು. ಇಂಗ್ಲಿಷಿನ ದಪ್ಪ ಡಿಸ್ಚಾರ್ಜ್ ಸಮರಿ ಇರಲಿ, ಅದರ ಮೇಲೆ ಕನ್ನಡದ ಒಂದೇ ಹಾಳೆ. ಮಗುವಿನ ಇಂದಿನ ತೂಕ, ಪ್ರತಿ ಔಷಧ ಎಷ್ಟು ಮಿಲಿಲೀಟರ್ ಮತ್ತು ಯಾವ ಗಂಟೆಗೆ, ಮಾತ್ರೆ ಮುಗಿಯುವ ತಾರೀಖು, ಮುಂದಿನ ಮಾತ್ರೆ ಸಿಗುವ ಜಾಗ, ರಾತ್ರಿ ಹನ್ನೊಂದಕ್ಕೂ ಎತ್ತುವ ಫೋನ್ ನಂಬರ್. ಜ್ವರ ಬಂದರೆ ಏನು ಎಂಬುದನ್ನು ಸ್ಪಷ್ಟವಾಗಿ ಬರೆಯಲೇಬೇಕು. ಕೀಮೋ ನಡೆಯುತ್ತಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಕೀಮೋ ನಿಲ್ಲಿಸಿ ಮನೆಯಲ್ಲೇ ಇರಲು ನಿರ್ಧರಿಸಿದ ಮಗುವಿಗೆ ಬೇರೆ ಯೋಜನೆ ಇರಬಹುದು. ಫಿಟ್ಸ್ ಬಂದರೆ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಎಷ್ಟು ಸಲ, ಉಸಿರು ಕಷ್ಟವಾದರೆ ಒರಗಿಸಿ ಕೂರಿಸಿ ಮುಖಕ್ಕೆ ಫ್ಯಾನ್ ಗಾಳಿ, ರಕ್ತ ಬಂದರೆ ಕಡು ಬಣ್ಣದ ಟವೆಲ್. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ರಕ್ತವೂ ಬಹಳ ಕಾಣುತ್ತದೆ, ಮಗು ಹೆದರುತ್ತದೆ.

ಆ ಹಾಳೆಯಲ್ಲಿ ಇನ್ನೊಂದು ಸಾಲು ಇರಬೇಕು: ಮಗುವಿಗೆ ಏನು ಹೇಳಲಾಗಿದೆ. ‘ಡಾಕ್ಟ್ರೇ, ಅವನಿಗೆ ಮಾತ್ರ ಏನೂ ಹೇಳ್ಬೇಡಿ’ ಎಂದು ತಂದೆತಾಯಿ ಕೈಮುಗಿಯುವುದು ಸಹಜ. ಆದರೆ ಪಕ್ಕದ ಹಾಸಿಗೆ ಖಾಲಿಯಾದದ್ದನ್ನು ಮಗು ನೋಡಿರುತ್ತದೆ. ಬೆಂಗಳೂರಿನಲ್ಲಿ ಆಪ್ತಸಮಾಲೋಚಕರು ಒಂದು ಹೇಳಿ, ಊರಿನಲ್ಲಿ ಡಾಕ್ಟರು ‘ಬರೀ ಜ್ವರ ಕಣಪ್ಪಾ’ ಎಂದರೆ ಮಗು ಆಮೇಲೆ ಯಾರನ್ನೂ ಕೇಳುವುದಿಲ್ಲ. ಹೇಳಿದ್ದು ಎಷ್ಟೇ ಇರಲಿ, ಎಲ್ಲರ ಬಾಯಲ್ಲೂ ಒಂದೇ ಇರಲಿ.

ಹಣದ ವಿಚಾರ ಚಿಕ್ಕದಾಗಿ. ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಕುಟುಂಬವನ್ನು ಸೋಲಿಸುವುದು ಬಸ್ ಚಾರ್ಜು, ಊಟ, ತಪ್ಪಿದ ಕೂಲಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಉಂಟು, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಯಿತು; ಸೇರಿದ ವಾರದಲ್ಲೇ ಸಮಾಜಕಾರ್ಯಕರ್ತರ ಬಳಿ ಮಾತಾಡಿ.

ಮಗು ತೀರಿಕೊಂಡ ಮನೆಯಲ್ಲೂ ಕೆಲಸ ಬಾಕಿ ಇರುತ್ತದೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೆ ಹಿಂದಿರುಗಿಸಿ ರಿಜಿಸ್ಟರಿನಲ್ಲಿ ಬರೆಸಬೇಕು. ಇನ್ನೊಬ್ಬರ ಬೆನ್ನುನೋವಿಗೆ ಕೊಡಬಾರದು. ಅಣ್ಣನೋ ತಂಗಿಯೋ ಶಾಲೆಗೆ ಮರಳುವ ಮೊದಲು ಮೇಷ್ಟ್ರಿಗೆ ವಿಷಯ ಗೊತ್ತಿರಬೇಕು. ತಾಯಿಗೆ ವಾರಗಳಾದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ನಮಸ್ಕಾರ.